ದೊಡ್ಡ ಹುಣಸೆಯ ನೆರಳಿನಲ್ಲಿ: ಸವಣೂರು ಸೀಮೆಯಲ್ಲಿ ಎರಡು ದಿನಗಳ ಕುಟುಂಬ ಪ್ರವಾಸ

ರಜೆ ಬಂದಿತೆಂದರೆ ನಮ್ಮ ಕ್ರೈಸ್ತ ಕುಟುಂಬಗಳು ಹೊರಡುವ ದಾರಿ ಬಹುಮಟ್ಟಿಗೆ ಒಂದೇ. ಹಳೆಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಸಮಾಧಿ, ಅತ್ತೂರಿನ ಸಂತ ಲಾರೆನ್ಸರ ಬಸಿಲಿಕ, ದೂರ ಹೋಗುವವರಿಗೆ ವೇಲಾಂಕಣಿ. ಇವು ಪುಣ್ಯಯಾತ್ರೆಗಳು, ಇವನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ನಾವು ಹುಟ್ಟಿ ಬೆಳೆದ ನೆಲದಲ್ಲಿಯೇ, ಮನೆಯಿಂದ ಎರಡು ಗಂಟೆಯ ಹಾದಿಯಲ್ಲಿ, ಸಾವಿರ ವರ್ಷಗಳ ಚರಿತ್ರೆ ಕಾದು ಕುಳಿತಿದ್ದರೂ ನಮ್ಮ ಮಕ್ಕಳಿಗೆ ಅದರ ಪರಿಚಯವಿಲ್ಲ. ರೋಮಿನ ಕೊಲೊಸಿಯಂ ಅವರಿಗೆ ಗೊತ್ತು. ಹಾನಗಲ್ಲಿನ ತಾರಕೇಶ್ವರ ಗೊತ್ತಿಲ್ಲ.

2024ರ ಜನವರಿಯಲ್ಲಿ ನಮ್ಮ ಕುಟುಂಬ ಕೈಗೊಂಡ ಒಂದು ಚಿಕ್ಕ ಪ್ರವಾಸದ ವಿಷಯವನ್ನು ಓದುಗರ ಮುಂದಿಡಲು ಇದೇ ಕಾರಣ.

ಹೊರಟದ್ದೇಕೆ?

ನಮ್ಮ ತಂದೆಯವರು ಶಿಕ್ಷಕರಾಗಿ ನಿವೃತ್ತರಾದವರು. ತಮ್ಮ ಸೇವೆಯ ಮೊದಲ ಏಳು ವರ್ಷಗಳನ್ನು ಸವಣೂರಿನಲ್ಲಿ ಕಳೆದಿದ್ದರು. ಕೆಲವು ವರ್ಷಗಳಿಂದ ಅವರ ಕಣ್ಣಿನ ನರ ಸೊರಗುತ್ತ ಬಂದಿತ್ತು. ಹೋದ ದೃಷ್ಟಿ ಮರಳದು, ಉಳಿದದ್ದೂ ಬಹುಕಾಲ ನಿಲ್ಲದು ಎಂದು ವೈದ್ಯರು ತಿಳಿಸಿದ ದಿನ ಅವರು ಬೇರೇನೂ ಕೇಳಲಿಲ್ಲ. "ಒಮ್ಮೆ ಸವಣೂರಿಗೆ ಹೋಗಿ ಬರೋಣ. ಮೊಮ್ಮಕ್ಕಳೂ ಬರಲಿ" ಎಂದರು. ಕೊಲ್ಲಿ ರಾಷ್ಟ್ರದಲ್ಲಿರುವ ಅಣ್ಣನ ಮಕ್ಕಳಿಬ್ಬರು ಕ್ರಿಸ್ಮಸ್ ರಜೆಗೆ ಬಂದಿದ್ದರು. ತಂದೆ, ತಾಯಿ, ನಾವು ದಂಪತಿಗಳು, ಮಕ್ಕಳಿಬ್ಬರು, ಒಟ್ಟು ಆರು ಜನ.

ಹಿಂದೊಮ್ಮೆ ಪ್ರವಾಸ ಸಂಸ್ಥೆಯೊಂದರ ಬಸ್ಸಿನಲ್ಲಿ ಒಂದೇ ದಿನ ಒಂಬತ್ತು ಸ್ಥಳಗಳನ್ನು ನೋಡಿದ ಅನುಭವ ನಮಗಿತ್ತು. ಅಂದು ನೋಡಿದ್ದು ಬಸ್ಸಿನ ಕಿಟಕಿಯನ್ನು ಮಾತ್ರ. ಆದ್ದರಿಂದ ಈ ಸಲ ಬಾಡಿಗೆ ವಾಹನವೊಂದನ್ನು ಗೊತ್ತುಮಾಡಿ, ತಂದೆಯವರ ಹಳೆಯ ಪರಿಚಯದ, ಚರಿತ್ರೆಯಲ್ಲಿ ಆಸಕ್ತಿಯುಳ್ಳ ನಿವೃತ್ತ ಮಾಸ್ತರರೊಬ್ಬರನ್ನು ಮಾರ್ಗದರ್ಶಕರಾಗಿ ಬರುವಂತೆ ಕೇಳಿಕೊಂಡೆವು. ಭಾನುವಾರದ ಬಲಿಪೂಜೆಗೆ ನಮ್ಮ ಧರ್ಮಕೇಂದ್ರಕ್ಕೆ ಮರಳಬೇಕೆಂದು ಶುಕ್ರವಾರ, ಶನಿವಾರಗಳನ್ನು ಆರಿಸಿಕೊಂಡೆವು.

ತಾಯಿಯವರಿಗೆ ಒಂದು ಅಳುಕಿತ್ತು. ಗುಡಿ, ಮಠ, ದರ್ಗಾಗಳ ಒಳಗೆ ನಾವು ಕಾಲಿಡಬಹುದೇ? ಹೊರಡುವ ಮುನ್ನ ಧರ್ಮಗುರುಗಳನ್ನೇ ಕೇಳಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರಿನಲ್ಲಿ ಅನ್ಯಧರ್ಮಗಳನ್ನು ಕುರಿತು ಹೊರಡಿಸಿದ ಘೋಷಣೆಯನ್ನು ಫಾದರ್ ನೆನಪಿಸಿದರು: ಆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ. "ಆರಾಧನೆ ಬೇರೆ, ಗೌರವ ಬೇರೆ. ನೆರೆಮನೆಗೆ ಹೋದಂತೆ ಹೋಗಿ ಬನ್ನಿ" ಎಂದರು. ತಾಯಿಯವರು ಜಪಸರವನ್ನು ಚೀಲದಲ್ಲಿಟ್ಟುಕೊಂಡು ವಾಹನ ಹತ್ತಿದರು.

ಬಂಕಾಪುರದ ಕಂಬಗಳು

ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದು ಶಿಗ್ಗಾಂವಿ ದಾಟಿದರೆ ಬಂಕಾಪುರ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಸಾಮಂತನಾದ ಬಂಕೆಯನ ಹೆಸರಿನಿಂದ ಈ ಊರಿಗೆ ಬಂಕಾಪುರವೆಂಬ ಹೆಸರು ಬಂದಿತು. ಬಂಕೆಯನ ಮಗ ಲೋಕಾದಿತ್ಯನು ಇಲ್ಲಿ ಆಳುತ್ತಿದ್ದಾಗ, ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಇಲ್ಲಿಯೇ ಪೂಜೆ ಸಂದಿತು. ರಾಜ್ಯವನ್ನು ತೊರೆದು ಬಂದ ಗಂಗರ ದೊರೆ ಮಾರಸಿಂಹನು ಅಜಿತಸೇನಾಚಾರ್ಯರ ಸಾನ್ನಿಧ್ಯದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಇಲ್ಲಿಯೇ.

ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನ 'ಅರವತ್ತು ಕಂಬದ ಗುಡಿ' ಎನ್ನುತ್ತಾರೆ. ಸುತ್ತಣ ನೆಲಕ್ಕಿಂತ ತಗ್ಗಿನಲ್ಲಿರುವುದರಿಂದ ಹತ್ತಿರ ಹೋಗುವವರೆಗೆ ಅದರ ವಿಸ್ತಾರ ತಿಳಿಯುವುದಿಲ್ಲ. ಗೋಪುರ ಇಲ್ಲವಾಗಿದೆ, ಮಂಟಪ ಮಾತ್ರ ಕಂಬಗಳ ಕಾಡಿನಂತೆ ನಿಂತಿದೆ. ಕಲ್ಲಿನ ಕಂಬ ಇಷ್ಟು ನುಣುಪಾದುದು ಹೇಗೆಂದು ಮಕ್ಕಳು ಕೇಳಿದರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿರುತ್ತದೆ, ಗಾಳಿಗೆ ಒಡ್ಡಿದಂತೆ ಗಡುಸಾಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಅದನ್ನು ಚರಕಿಯಲ್ಲಿ ತಿರುಗಿಸಿ ಬಡಗಿಯು ಮರವನ್ನು ಕಡೆಯುವಂತೆ ಕಡೆದರು ಎಂದು ಮಾಸ್ತರರು ವಿವರಿಸಿದರು. ತಂದೆಯವರು ಕಂಬವೊಂದರ ಉಂಗುರಗಳನ್ನು ಬೆರಳಿನಿಂದ ಒಂದೊಂದಾಗಿ ಸವರುತ್ತ ನಿಂತರು. ಕೋಟೆಯಲ್ಲಿ ನವಿಲುಧಾಮವೂ ಇದೆ. ಅವರಿಗೆ ನವಿಲು ಕಾಣಲಿಲ್ಲ. ಆದರೆ ಅದರ ಕೂಗನ್ನು ನಮಗಿಂತ ಮೊದಲು ಕೇಳಿದವರು ಅವರೇ.

ಕನಕದಾಸರು ಹುಟ್ಟಿದ ಬಾಡ ಗ್ರಾಮವೂ ಈ ಸೀಮೆಯಲ್ಲಿಯೇ ಇದೆ. ಸಮಯವಿರುವವರು ಅಲ್ಲಿಗೂ ಹೋಗಿ ಬರಬಹುದು.

ನವಾಬರ ಊರು

ಮಧ್ಯಾಹ್ನಕ್ಕೆ ಸವಣೂರು. ಮೊಗಲ ಚಕ್ರವರ್ತಿ ಔರಂಗಜೇಬನ ಕಾಲದಲ್ಲಿ ಪಠಾಣ ಸರದಾರ ಅಬ್ದುಲ್ ರವೂಫ್ ಖಾನನು ಬಂಕಾಪುರ ಸೀಮೆಯ ಜಹಗೀರು ಪಡೆದನು; ಅವನ ವಂಶದವರೇ ಸವಣೂರಿನ ನವಾಬರು. ಊರಿನ ಸುತ್ತ ಕಂದಕವಿದ್ದು ಎಂಟು ಬಾಗಿಲುಗಳಿದ್ದವೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ.

ಈ ಚಿಕ್ಕ ಸಂಸ್ಥಾನವು ದೊಡ್ಡ ರಾಜ್ಯಗಳ ನಡುವೆ ಸಿಕ್ಕಿ ಪಟ್ಟ ಪಾಡು ಅಷ್ಟಿಷ್ಟಲ್ಲ. 1756ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನೂ ಹೈದರಾಬಾದಿನ ನಿಜಾಮನೂ ಕೂಡಿ ಸವಣೂರಿಗೆ ಮುತ್ತಿಗೆ ಹಾಕಿದರು. ನಿಜಾಮನ ಕಡೆಯಲ್ಲಿ ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳಿದ್ದವು. ಮುಂದೆ ಹೈದರ್ ಅಲಿಯು ನವಾಬ ಅಬ್ದುಲ್ ಹಕೀಮ್ ಖಾನನ ಮನೆತನದೊಡನೆ ಹೆಣ್ಣು ಕೊಟ್ಟು ತರುವ ಬೀಗತನ ಬೆಳೆಸಿದನು. ಆ ನಂಟೂ ಊರನ್ನು ಕಾಯಲಿಲ್ಲ. 1786ರಲ್ಲಿ ಟಿಪ್ಪುವಿನ ಸೈನ್ಯ ಬಂದಾಗ ನವಾಬನು ಮರಾಠರ ಆಶ್ರಯಕ್ಕೆ ಹೋಗಬೇಕಾಯಿತು. ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಅದಕ್ಕೆ ಎರಡೇ ವರ್ಷ ಮೊದಲು, 1784ರಲ್ಲಿ. ಆ ಸಂಕಟದ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದ ನನಗೆ ಸವಣೂರಿನ ಬೀದಿಯಲ್ಲಿ ಒಂದು ವಿಚಾರ ಹೊಳೆಯಿತು. ಆ ದಶಕದಲ್ಲಿ ಮನೆ ಬಿಟ್ಟು ಹೊರಟವರು ನಮ್ಮವರು ಮಾತ್ರವಲ್ಲ. ಅರಸನ ಬೀಗರೂ ಹೊರಟಿದ್ದರು. ಅಂದಿನ ಯುದ್ಧಗಳು ರಾಜ್ಯ, ಕಪ್ಪ, ಕೋಟೆಗಳಿಗಾಗಿ ನಡೆದವು. ಅವುಗಳ ಹೊರೆಯನ್ನು ಹೊತ್ತವರಲ್ಲಿ ಎಲ್ಲ ಮತದವರೂ ಇದ್ದರು.

ಬ್ರಿಟಿಷರ ಅಧೀನದಲ್ಲಿ ಉಳಿದುಕೊಂಡಿದ್ದ ಸಂಸ್ಥಾನವು 1948ರಲ್ಲಿ ಭಾರತದಲ್ಲಿ ವಿಲೀನವಾಗಿ ಧಾರವಾಡ ಜಿಲ್ಲೆಗೆ ಸೇರಿತು. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಸವಣೂರು ಅದರ ತಾಲೂಕಾಯಿತು. ನವಾಬರ ಇದೇ ಊರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ಬೃಂದಾವನಸ್ಥರಾದರು. ಇಂದಿಗೂ ಭಕ್ತರು ಅಲ್ಲಿಗೆ ಬರುತ್ತಾರೆ. ಜ್ಞಾನಪೀಠ ಪುರಸ್ಕೃತ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಪೇಟೆಯಲ್ಲಿ ಸವಣೂರು ಖಾರದ ಪೊಟ್ಟಣಗಳನ್ನೂ, ಹೆಸರುವಾಸಿಯಾದ ಇಲ್ಲಿಯ ವೀಳ್ಯದೆಲೆಯನ್ನೂ ಕೊಳ್ಳದೆ ಯಾರೂ ಊರು ಬಿಡುವುದಿಲ್ಲ. ತಾಯಿಯವರು ಎರಡನ್ನೂ ಕೊಂಡರು.

ಬಿದ್ದ ಮರ

ತಂದೆಯವರು ಕಾಯುತ್ತಿದ್ದುದು ಮಾತ್ರ ಕಲ್ಮಠದ ಆವರಣದ ದೊಡ್ಡ ಹುಣಸೆ ಮರಗಳಿಗಾಗಿ. ಹುಣಸೆಯೆಂದು ಹೆಸರಾದರೂ ಇವು ಹುಣಸೆಯಲ್ಲ. ಆಫ್ರಿಕ ಮೂಲದ ಬಾವೋಬಾಬ್ ಮರಗಳು. ಕಾಯಿಯ ತಿರುಳು ಹುಳಿಯಾಗಿರುವುದರಿಂದ ಈ ಹೆಸರು. ಎರಡು ಸಾವಿರ ವರ್ಷಗಳ ಮರಗಳೆಂಬ ಮಾತು ಜನಜನಿತವಾಗಿದೆ. ಭಾರತದ ಬಾವೋಬಾಬ್‌ಗಳ ವಂಶವಾಹಿಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇವು ಆಫ್ರಿಕದಿಂದ ಒಂದೇ ಸಲವಲ್ಲ, ಬೇರೆ ಬೇರೆ ಕಾಲದಲ್ಲಿ ಹಲವು ಸಲ ಬಂದಿರಬೇಕೆಂದು ತಿಳಿಸಿತು. ರಾಜ್ಯದ ಜೀವವೈವಿಧ್ಯ ಮಂಡಳಿಯು ಇವುಗಳನ್ನು ಪಾರಂಪರಿಕ ವೃಕ್ಷಗಳೆಂದು ಗುರುತಿಸಿದೆ.

ಮೂರು ಮರಗಳಲ್ಲಿ ಒಂದು 2023ರ ಜುಲೈ ತಿಂಗಳ ಮಳೆಗೆ ಬುಡಸಹಿತ ಉರುಳಿತು. ಕೊಂಬೆಗಳನ್ನು ಸವರಿ, ಯಂತ್ರಗಳಿಂದ ಎತ್ತಿ, ಅದನ್ನು ಮತ್ತೆ ನೆಟ್ಟರು. ಈ ಸಂಗತಿಯನ್ನು ನಾವು ತಂದೆಯವರಿಗೆ ಹೇಳಿರಲಿಲ್ಲ. ದೃಷ್ಟಿ ಕುಂದುತ್ತಿರುವವರಿಗೆ ಇನ್ನೊಂದು ನೋವು ಬೇಡವೆಂದು ಸುಮ್ಮನಿದ್ದೆವು. ಆದರೆ ಪತ್ರಿಕೆಯನ್ನು ಓದಿಸಿಕೊಂಡು ಕೇಳುವ ಅವರಿಗೆ ಅದು ಆಗಲೇ ತಿಳಿದಿತ್ತು.

"ಬಿದ್ದದ್ದು ಯಾವುದು?" ಎಂದು ಮಾಸ್ತರರನ್ನು ಕೇಳಿದರು.

ಜನವರಿಯ ಒಣಹವೆಗೆ ಮರಗಳು ಎಲೆ ಉದುರಿಸಿದ್ದವು. "ಅಜ್ಜಾ, ಎಲ್ಲಾ ಸತ್ತ ಹಾಗೆ ಕಾಣುತ್ತವೆ" ಎಂದಳು ಮೊಮ್ಮಗಳು. ಮಾಸ್ತರರು ನಕ್ಕರು. "ಎಲಿ ಇಲ್ಲಂತ ಸತ್ತದ ಅನಬಾರದವ್ವಾ. ಬ್ಯಾಸಗಿ ದಾಟೂತನಾ ನೀರು ಹೊಟ್ಟಿಯೊಳಗ ಇಟಗೊಂಡು ಹಿಂಗ ನಿಲ್ಲೂದ ಈ ಮರದ ಸ್ವಭಾವ. ಬಿದ್ದಲ್ಲೇ ಚಿಗುರೂ ಜಾತಿ ಇದು."

ನಾವು ಆರು ಜನ ಕೈ ಕೈ ಹಿಡಿದು ನಿಂತರೂ ಒಂದು ಬೊಡ್ಡೆಯ ಸುತ್ತು ಮುಗಿಯಲಿಲ್ಲ. ಮಾಸ್ತರರು ಸೇರಿ ಏಳಾದೆವು, ಆಗಲೂ ಮುಗಿಯಲಿಲ್ಲ. ಬಳಿಕ ಅವರು ತಂದೆಯವರ ಕೈಹಿಡಿದು ಮತ್ತೆ ನೆಟ್ಟ ಮರದ ಬಳಿಗೆ ಕರೆದೊಯ್ದರು. ಅವರು ಬಹಳ ಹೊತ್ತು ಅಲ್ಲಿಯೇ ನಿಂತಿದ್ದರು. "ನಾನು ಇಲ್ಲಿಗೆ ಬಂದ ಹೊಸತರಲ್ಲಿ ಸಂಬಳದ ದಿನ ಇಲ್ಲಿಗೆ ಬಂದು ಕೂರುತ್ತಿದ್ದೆ. ಊರಿನ ನೆನಪಾದರೆ ಅಳಲು ಬೇರೆ ಜಾಗವಿರಲಿಲ್ಲ" ಎಂದರು. ಅವರು ಎಂದಾದರೂ ಅತ್ತಿದ್ದರೆಂಬುದೇ ಅಂದಿನವರೆಗೆ ನಮಗೆ ತಿಳಿದಿರಲಿಲ್ಲ.

ಹಾವೇರಿ, ಹಾನಗಲ್ಲು, ಶಿಶುನಾಳ

ಹಾವೇರಿಯಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಸಿದ್ಧೇಶ್ವರ ದೇವಾಲಯಕ್ಕೆ ಹೋದೆವು. ಹೆಚ್ಚಿನ ಗುಡಿಗಳು ಪೂರ್ವಕ್ಕೆ ಮುಖ ಮಾಡಿದ್ದರೆ ಇದು ಪಶ್ಚಿಮಾಭಿಮುಖ. ಅಲ್ಲಿಂದ ಹಾನಗಲ್ಲಿಗೆ. ಕದಂಬರ ಒಂದು ಶಾಖೆ ಆಳಿದ ಈ ಊರಿನ ಹಳೆಯ ಹೆಸರು ಪಾನುಂಗಲ್. ಇಲ್ಲಿಯ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ನಿಂತು ತಲೆಯೆತ್ತಬೇಕು. ಅಗಲವಾದ ಕಮಲವೊಂದು ಮೇಲ್ಛಾವಣಿಯಿಂದ ಕೆಳಗೆ ಅರಳಿದಂತಿದೆ. ಕಮಾನಿನ ಆಧಾರವಿಲ್ಲದೆ, ಕಲ್ಲಿನ ಸುತ್ತುಗಳನ್ನು ಒಂದರ ಮೇಲೊಂದರಂತೆ ತುಸು ತುಸು ಒಳಕ್ಕೆ ಚಾಚಿ ಕೂಡಿಸಿದ ರಚನೆ ಇದು. ಮೇಲಿನ ಕಲ್ಲಿನ ಭಾರವೇ ಕೆಳಗಿನದನ್ನು ಹಿಡಿದಿಡುತ್ತದೆ. ಮೊಮ್ಮಗನು ಕಣ್ಣಿಗೆ ಕಂಡದ್ದನ್ನು ಸುತ್ತು ಸುತ್ತಾಗಿ ಅಜ್ಜನಿಗೆ ವರ್ಣಿಸಿದನು. ವರ್ಣಿಸಬೇಕಾಗಿ ಬಂದುದರಿಂದಲೇ ಅವನು ಅಷ್ಟು ಗಮನವಿಟ್ಟು ನೋಡಿದನು ಎಂಬುದು ನನ್ನ ನಂಬಿಕೆ.

ಮರಳುವಾಗ ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ ಇಳಿದೆವು. ಮುಸ್ಲಿಮ್ ಮನೆತನದಲ್ಲಿ 1819ರಲ್ಲಿ ಹುಟ್ಟಿ, ಕೆಲಕಾಲ ಶಾಲಾ ಶಿಕ್ಷಕರಾಗಿದ್ದು, ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾದ ಸಂತ ಶರೀಫರು 1889ರಲ್ಲಿ ದೇಹ ಬಿಟ್ಟರು. ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನಡೆದುಕೊಳ್ಳುತ್ತಾರೆ. ಅಲ್ಲಿ ತಾಯಿಯವರು ಒಂದು ಮೂಲೆಯಲ್ಲಿ ಕುಳಿತು ಚೀಲದಿಂದ ಜಪಸರವನ್ನು ತೆಗೆದರು. ಯಾರೂ ಏನೂ ಕೇಳಲಿಲ್ಲ.

ಹೊರಡುವವರಿಗೆ ನಾಲ್ಕು ಮಾತು

ದಿನಕ್ಕೆ ಎರಡು ಮೂರು ಸ್ಥಳಗಳು ಸಾಕು. ಸ್ಥಳ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ. ಅವರ ಗೌರವಧನವನ್ನು ಮೊದಲೇ ಮಾತನಾಡಿ ನಿಶ್ಚಯಿಸಿರಿ. ಹೊರಡುವುದು ನಸುಕಿನಲ್ಲಿಯೇ ಒಳ್ಳೆಯದು. ಕುಡಿಯುವ ನೀರು, ವೃದ್ಧರಿಗೆ ಒಂದು ಮಡಿಸುವ ಕುರ್ಚಿ ಜೊತೆಗಿರಲಿ. ಪಾದರಕ್ಷೆ ಬಿಡುವಲ್ಲಿ ಬಿಡಿ, ಚಿತ್ರ ತೆಗೆಯುವ ಮುನ್ನ ಕೇಳಿ. ಕಂಬದ ಮೇಲೆ ಹೆಸರು ಕೆತ್ತುವುದು ತಪ್ಪೆಂದು ಮಕ್ಕಳಿಗೆ ಮನೆಯಲ್ಲಿಯೇ ತಿಳಿಸಿ ಹೊರಡಿರಿ.

ಆ ವರ್ಷದ ಪಾಸ್ಖ ಹಬ್ಬದ ಹೊತ್ತಿಗೆ ತಂದೆಯವರ ದೃಷ್ಟಿ ಪೂರ್ತಿಯಾಗಿ ಹೋಯಿತು. ಈಗಲೂ ಭಾನುವಾರ ಸಂಜೆ ಮೊಮ್ಮಕ್ಕಳು ದೂರವಾಣಿಯಲ್ಲಿ ಮಾತನಾಡುತ್ತಾರೆ. ಒಮ್ಮೊಮ್ಮೆ ಮೊಮ್ಮಗನು ಹಾನಗಲ್ಲಿನ ಕಮಲಕ್ಕೆ ಎಷ್ಟು ಸುತ್ತುಗಳಿದ್ದವೆಂದು ಅಜ್ಜನೊಡನೆ ವಾದಕ್ಕಿಳಿಯುತ್ತಾನೆ. ತಂದೆಯವರು ಸೋಲುವುದಿಲ್ಲ. ಮುಂದಿನ ರಜೆಗೆ ಮತ್ತೊಮ್ಮೆ ಹೋಗಿ ಎಣಿಸಿ ಬರುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.