ಕಿಟಕಿಯಲ್ಲಿ ಇಡದ ಕಾಗದ

ಹಾಳೆಯ ತುಂಬ ಕಡುನೀಲಿ. ರಾತ್ರಿಯ ಬರ್ಲಿನ್. ಒಬ್ಬ ಹುಡುಗಿ ಮನೆ ಬಿಟ್ಟು ನಡೆದಿದ್ದಾಳೆ. ತುಸು ಕೆಳಗೆ ಮತ್ತೆ ಅವಳೇ, ಇನ್ನೂ ಕೆಳಗೆ ಮತ್ತೆ ಅವಳೇ. ಆ ನಡಿಗೆಯ ಕೊನೆಯಲ್ಲಿ ನೀರು. 1913ರಲ್ಲಿ ಕೆರೆಗೆ ಹಾರಿದ ಈ ಶಾರ್ಲೊಟ್ಟೆಯ ಚಿತ್ರ ಬರೆದವಳು ಅವಳ ಅಕ್ಕನ ಮಗಳು. ಸತ್ತ ಚಿಕ್ಕಮ್ಮನ ಹೆಸರು ಹೊತ್ತು 1917ರಲ್ಲಿ ಹುಟ್ಟಿದ ಶಾರ್ಲೊಟ್ಟೆ ಸಾಲೊಮನ್.

ತಾಯಿ ಫ್ರಾನ್ಸಿಸ್ಕಾ 1926ರಲ್ಲಿ ಕಿಟಕಿಯಿಂದ ಹಾರಿ ಸತ್ತಳು. ಮಗುವಿಗೆ ಹೇಳಿದ್ದು ಇನ್‌ಫ್ಲುಯೆಂಜಾ ಜ್ವರ ಎಂದು. ನಮ್ಮ ಆಸ್ಪರಿ, ಆದೋನಿ ಕಡೆಯ ಹತ್ತಿ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲಕ್ಕೆ ಹೆದರಿ ಬೆಳೆಗೆ ಹೊಡೆಯುವ ಎಣ್ಣಿ ಕುಡಿದವನ ಮನೆಯಲ್ಲೂ ಮಕ್ಕಳ ಮುಂದೆ ಬರುವ ಮಾತು, ‘ಅಪ್ಪಗ ಹೊಟ್ಟಿನೋವು ಬಂದಿತ್ತು.’

ಸ್ವರ್ಗದಲ್ಲಿ ಹೇಗಿದೆ ಅಂತ ಕಾಗದ ಬರೆದು ಕಿಟಕಿಯಲ್ಲಿ ಇಡುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದಳು. ಇನ್ನೂ ಒಂಬತ್ತು ತುಂಬದ ಹುಡುಗಿ ರಾತ್ರಿ ಎದ್ದೆದ್ದು ಕಿಟಕಿ ನೋಡುತ್ತಾಳೆ. ಇದಕ್ಕೂ ಒಂದು ಹಾಳೆಯಿದೆ.

ನಿಜ ಗೊತ್ತಾದದ್ದು 1940ರಲ್ಲಿ. ಯಹೂದಿಯಾದ ಅವಳು ಹಿಟ್ಲರನ ಜರ್ಮನಿ ಬಿಟ್ಟು ದಕ್ಷಿಣ ಫ್ರಾನ್ಸಿನ ಕಡಲ ದಂಡೆಯಲ್ಲಿ ಅಜ್ಜ ಅಜ್ಜಿಯರ ಜೊತೆಗಿದ್ದಳು. ಅಜ್ಜಿಯೂ ಅದೇ ದಾರಿ ಹಿಡಿದಾಗ, ಅಜ್ಜ ಮನೆತನದ ಆತ್ಮಹತ್ಯೆಗಳನ್ನೆಲ್ಲ ಒಂದೊಂದಾಗಿ ಅವಳ ಮುಂದೆ ಸುರಿದ. ಎಂಥ ಹೊತ್ತು ನೋಡಿಕೊಂಡ ಪುಣ್ಯಾತ್ಮ! ಆಮೇಲೆ ಗುರ್ಸ್ ಶಿಬಿರದ ಸೆರೆ. ಬಿಟ್ಟು ಬಂದವಳಿಗೆ ಡಾಕ್ಟರ್ ಮೊರಿಡಿಸ್ ಹೇಳಿದ ಮದ್ದು ಚಿತ್ರ ಬರೆ ಎಂಬುದು.

ಕೆಂಪು, ನೀಲಿ, ಹಳದಿ, ಜೊತೆಗೆ ಬಿಳಿ. ಗುವಾಷ್ ಎಂಬ ತುಸು ಗಟ್ಟಿಯಾದ ಜಲವರ್ಣ. ಎರಡು ವರ್ಷದೊಳಗೆ ಸಾವಿರಕ್ಕೂ ಮಿಕ್ಕಿ ಹಾಳೆ. ಆರಿಸಿ ಜೋಡಿಸಿದ್ದು 769. ‘ಬದುಕೋ? ನಾಟಕವೋ?’ ಎಂದು ಹೆಸರಿಟ್ಟಳು. ಮೊದಲ ಹಾಳೆಗಳಲ್ಲಿ ಕೋಣೆ, ಕುರ್ಚಿ, ಪರದೆ ಎಲ್ಲ ನಾಜೂಕು. ಮಾತು ಮಾತ್ರ ಮೇಲೆ ಹೊದಿಸಿದ ಟ್ರೇಸಿಂಗ್ ಕಾಗದದಲ್ಲಿ. ಬರಬರುತ್ತ ಕುಂಚ ಓಡತೊಡಗುತ್ತದೆ. ಮುಖಗಳು ನಾಲ್ಕು ಗೆರೆಗೆ ಇಳಿಯುತ್ತವೆ, ಅಕ್ಷರಗಳು ಚಿತ್ರದೊಳಕ್ಕೇ ನುಗ್ಗುತ್ತವೆ. ನನಗೆ ಹಿಡಿಸುವುದು ಈ ಅವಸರದ ಹಾಳೆಗಳೇ. ಚೆಂದಗಾಣಿಸಲು ಅವಳಿಗೆ ಪುರುಸೊತ್ತಿರಲಿಲ್ಲ.

ಕೊನೆಯ ಹಾಳೆಯಲ್ಲಿ ಅವಳು ನಮಗೆ ಬೆನ್ನು ಹಾಕಿ ಕಡಲ ಕಡೆ ಮುಖ ಮಾಡಿ ಕೂತಿದ್ದಾಳೆ. ಕೈಯಲ್ಲಿರುವ ಹಾಳೆಯ ಮೂಲಕ ನೀರು ಕಾಣುತ್ತದೆ. ಬೆನ್ನ ಮೇಲೆ ಕೃತಿಯ ಹೆಸರು.

ಕಟ್ಟನ್ನೆಲ್ಲ ಮೊರಿಡಿಸ್ ಕೈಗೊಪ್ಪಿಸಿದಳು. 1943ರ ಸೆಪ್ಟೆಂಬರಿನಲ್ಲಿ ಗಂಡನೊಂದಿಗೆ ನಾಜಿಗಳಿಗೆ ಸಿಕ್ಕಿಬಿದ್ದು, ಅಕ್ಟೋಬರಿನಲ್ಲಿ ಆಶ್ವಿಟ್ಸ್‌ನಲ್ಲಿ ಕೊಲೆಯಾದಾಗ ಅವಳಿಗೆ 26, ಬಸುರಿ.

ಯುದ್ಧ ಮುಗಿದ ಮೇಲೆ 1947ರಲ್ಲಿ ಆ ಕಟ್ಟು ತಂದೆ ಆಲ್ಬರ್ಟ್ ಮತ್ತು ಮಲತಾಯಿ ಪೌಲಾ ಅವರ ಕೈಸೇರಿತು. ಮಗಳಿಂದ ಮುಚ್ಚಿಟ್ಟಿದ್ದ ಸಾವನ್ನು ತಂದೆ ಅವಳ ಬಣ್ಣದಲ್ಲೇ ನೋಡಬೇಕಾಯಿತು.  1971ರಲ್ಲಿ ಅವರಿಬ್ಬರೂ ಕೃತಿಯನ್ನು ಆಮ್‌ಸ್ಟರ್‌ಡಾಮಿನ ಯಹೂದಿ ಮ್ಯೂಸಿಯಮ್ಮಿಗೆ ಕೊಟ್ಟರು, ಕಿಟಕಿಯ ಹಾಳೆಯೂ ಸೇರಿ.