ಸಿಸ್ಟರ್ ಬೈದರೆ ಬೇಸರವಿಲ್ಲ

ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಡಿನೊಳಗಿನ ಊರುಗಳ ದಾರಿ ಕಟ್ಟಾಗುತ್ತದೆ. ಅಂಥ ಊರಿನ ಮಗುವೊಂದು ಬೆಳಗಾವಿಯಲ್ಲಿ ಕಿಮೋ ಹಾಕಿಸಿಕೊಂಡು ಮನೆಗೆ ಬಂದಿದೆ ಎನ್ನಿ. ನಡುರಾತ್ರಿ ಮೈ ಬಿಸಿಯಾಗುತ್ತದೆ. ಬೇರೆ ಮಕ್ಕಳಿಗಾದರೆ ಹಣೆಗೆ ಒದ್ದೆ ಬಟ್ಟೆ, ಬೆಳಗಾದ ಮೇಲೆ ಖಾನಾಪುರದ ದವಾಖಾನೆ. ಇಲ್ಲಿ ಅದು ನಡೆಯದು. ಬಿಳಿ ರಕ್ತಕಣಗಳು ಇಳಿದಿರುತ್ತವೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಸೋಂಕು ಕೆಲವೇ ತಾಸುಗಳಲ್ಲಿ ಜೀವಕ್ಕೆ ಎರವಾಗಬಹುದು. ಡಾಕ್ಟರು ಇದನ್ನು ಒಮ್ಮೆ ಹೇಳಿರುತ್ತಾರೆ. ತಾಯಿಯ ತಲೆಯಲ್ಲಿ ಕೂರುವ ತನಕ ಹೇಳುವುದು ಸಿಸ್ಟರ್: “ಗುಳಿಗಿ ಕೊಟ್ಟು ಮಲಗಸಬ್ಯಾಡ್ರಿ, ಮೊದಲ ಫೋನ್ ಹಚ್ರಿ.” ಖಾನಾಪುರದ ಎಷ್ಟೋ ಮನೆಗಳಿಗೆ ಇದನ್ನೇ ಮರಾಠಿಯಲ್ಲೂ ಹೇಳಬೇಕು.

ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ರಕ್ತದ ಕ್ಯಾನ್ಸರ್. ಅದರಲ್ಲೂ ಸಾಮಾನ್ಯವಾದ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಎರಡು–ಮೂರು ವರ್ಷ ಚಿಕಿತ್ಸೆ. ಅಷ್ಟು ಕಾಲ ಸಿಸ್ಟರ್ ಜೊತೆ ಬೆಳೆಯುವ ನಂಟನ್ನು ಬರೀ ಕರುಣೆ ಎಂದು ಬರೆಯುವುದು ನನಗೆ ಒಪ್ಪದು. ಅದರಲ್ಲಿ ಬೈಗುಳವೂ ಉಂಟು. ಸ್ಟೀರಾಯ್ಡ್ ನುಂಗುವ ಮಗುವಿಗೆ ಅಪರಾತ್ರಿಯಲ್ಲೂ ಹಸಿವು, ಹಟ. ಕರುಳು ತಡೆಯದೆ ಅಪ್ಪ ಎಲ್ಲೋ ತೆರೆದಿಟ್ಟ ಕುಂದಾ ಕಟ್ಟಿಸಿಕೊಂಡು ಬಂದರೆ ಸಿಸ್ಟರ್ ಬಾಗಿಲಲ್ಲೇ ತಡೆಯುತ್ತಾರೆ. ಅವರೇ ವಿನ್‌ಕ್ರಿಸ್ಟಿನ್ ಎಂಬ ಕಿಮೋ ಮದ್ದು ಹಾಕುವಾಗ ಸೂಜಿಯ ಜಾಗದಿಂದ ಕಣ್ಣು ಕೀಳುವುದಿಲ್ಲ. ಅದು ರಕ್ತನಾಳದ ಹೊರಗೆ ಸೋರಿದರೆ ಮಾಂಸವೇ ಸುಟ್ಟೀತು. ಪಕ್ಕದಲ್ಲಿ ನಿಂತ ತಾಯಿ ಅದನ್ನು ನೋಡುತ್ತಾಳೆ. ಆಮೇಲೆ ಬೈದರೂ ಬೇಸರವಿಲ್ಲ.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಜಗತ್ತಿನಾದ್ಯಂತ 2030ರೊಳಗೆ ಕನಿಷ್ಠ 60 ಮುಟ್ಟಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟಿತು. ಬಡ ದೇಶಗಳು ಹಿಂದೆ ಬೀಳಲು ಚಿಕಿತ್ಸೆಯನ್ನು ನಡುವೆ ಬಿಡುವುದೂ ಒಂದು ದೊಡ್ಡ ಕಾರಣ. ಮೊದಲ ತಿಂಗಳು ಕಳೆಯುತ್ತಲೇ ಮಗು ಆಡತೊಡಗುತ್ತದೆ. “ಹುಡುಗ ಆರಾಮ ಆಗ್ಯಾನಲ್ಲ, ಮತ್ಯಾಕ ಸೂಜಿ?” ಎನ್ನುತ್ತಾಳೆ ಅಜ್ಜಿ. ನಾಟಿಯ ದಿನಗಳು, ಕೂಲಿ ತಪ್ಪುತ್ತದೆ. ಆಗ “ಯಾಕ್ರಿ ಬರಲಿಲ್ಲ?” ಎಂದು ಕೇಳುವ ದನಿ ಪರಿಚಯದ್ದಾಗಿದ್ದರೆ ಬಸ್ಸು ಹತ್ತುತ್ತಾರೆ.

2025ರ ಜನವರಿಯಲ್ಲಿ ಬೆಳಗಾವಿಯ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ದಾರಿ ನೆನೆದರೆ ಖಾನಾಪುರದವರಿಗೆ ಇದು ಹಿತ್ತಲು. ಹಾಸಿಗೆ ಹೆಚ್ಚುವುದು ಒಳ್ಳೆಯದೇ. ಆದರೆ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಐದು ಮಕ್ಕಳಿಗೆ ಒಬ್ಬ ನರ್ಸಾದರೂ ಇರಬೇಕು, ಪಳಗಿದವರನ್ನು ಬೇರೆ ವಾರ್ಡಿಗೆ ತಿರುಗಿಸಬಾರದು ಎಂದು ಈ ಕ್ಷೇತ್ರದ ಅಂತಾರಾಷ್ಟ್ರೀಯ ಸಂಘ 2014ರಲ್ಲೇ ಹೇಳಿದೆ. ಯಾವುದೇ ಆಸ್ಪತ್ರೆಯಲ್ಲಿ ಡ್ಯೂಟಿ ಪಟ್ಟಿ ಬರೆಯುವವರು ಇದನ್ನು ಮರೆತರೆ, ತಂದೆತಾಯಿ ಹೊಸ ಮುಖಕ್ಕೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುತ್ತದೆ.