ಹೆಸರು ಬದಲಿಸಿದರಷ್ಟೇ ಸಾಲದು

ಅಪರಾಧ ಎಸಗಿದರೆಂದು ಕಂಡುಬಂದ ಮೇಲೆ ಬಾಲ ನ್ಯಾಯ ಮಂಡಳಿ ಸನ್ನಡತೆಯ ಷರತ್ತಿನ ಮೇಲೆ ಮನೆಗೆ ಕಳಿಸಿದ ಮಕ್ಕಳು ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿರುತ್ತಾರೆ. ಸಮಾಜಕಾರ್ಯ, ಮನಃಶಾಸ್ತ್ರ ಓದುವವರಿಗೆ ಈ ಮಕ್ಕಳ ಬದುಕು ಅಧ್ಯಯನದ ವಿಷಯವಾಗಿ ಕಾಣುವುದು ಸಹಜ. ಆದರೆ ಇವರನ್ನು ಹೇಗೆ ಮಾತಾಡಿಸಬೇಕು ಎಂಬ ಬಗ್ಗೆ ಕೆಲವು ತಪ್ಪು ನಂಬಿಕೆಗಳು ಬೇರೂರಿವೆ.

‘ಪರಿವೀಕ್ಷಣಾಧಿಕಾರಿ ಒಪ್ಪಿದರೆ ಆಯಿತು.’

ಆಗಲಿಲ್ಲ. ಆರೋಗ್ಯ ಮತ್ತು ವರ್ತನೆ ಕುರಿತ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಮೊದಲು ನೈತಿಕ ಸಮಿತಿಯ ಅನುಮೋದನೆ ಕೇಳುತ್ತದೆ. ತಂದೆತಾಯಿ ಅಥವಾ ಕಾನೂನುಬದ್ಧ ಪೋಷಕರ ಒಪ್ಪಿಗೆಯ ಜೊತೆಗೆ, 7 ವರ್ಷ ದಾಟಿದ ಮಗುವಿನ ಸ್ವಂತ ಸಮ್ಮತಿಯೂ ಬೇಕು. 12 ದಾಟಿದವರದ್ದು ಲಿಖಿತವಾಗಿರಬೇಕು. ಇಷ್ಟಾದರೂ ನನಗೆ ಸಮಾಧಾನವಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 18ನೇ ಕಲಮಿನಡಿ ಈ ನಿಗಾ 3 ವರ್ಷದವರೆಗೂ ಇರಬಹುದು. ತನ್ನ ನಡತೆಯ ಬಗ್ಗೆ ವರದಿ ಬರೆಯುವ ಅಧಿಕಾರಿಯೇ ಎದುರಿಗೆ ಕೂತು ‘ಇವರ ಹತ್ತಿರ ಮಾತಾಡಪ್ಪ’ ಎಂದರೆ ಯಾವ ಹುಡುಗ ಆಗುವುದಿಲ್ಲ ಎಂದಾನು? ಅಂಜಿಕೆಯಿಂದ ಹೊರಟ ‘ಹೂಂ’ ಸಮ್ಮತಿಯಲ್ಲ. ಅಧಿಕಾರಿ ಆ ಕೋಣೆಯಲ್ಲಿರಬಾರದು. ‘ಬೇಡ ಎಂದರೂ ನಿನ್ನ ಕೇಸಿಗೆ ಏನೂ ಆಗುವುದಿಲ್ಲ’ ಎಂದು ಮಗುವಿಗೆ ಅದರ ಮಾತಿನಲ್ಲೇ ತಿಳಿಸಬೇಕು.

‘ಸಹಿ ಹಾಕಿಸಿಕೊಂಡ ಮೇಲೆ ಏನು ಬೇಕಾದರೂ ಪ್ರಕಟಿಸಬಹುದು.’

ಅದೇ ಕಾಯ್ದೆಯ 3ನೇ ಕಲಮಿನ ಪ್ರಕಾರ ಮಗುವಿನ ಹಕ್ಕನ್ನು ಯಾರೂ ಬಿಟ್ಟುಕೊಡುವಂತಿಲ್ಲ. ಮಗುವೂ ಇಲ್ಲ, ಹೆತ್ತವರೂ ಇಲ್ಲ, ಮಂಡಳಿಯೂ ಇಲ್ಲ.

‘ಹೆಸರು ಬದಲಿಸಿದರೆ ಗುರುತು ಮರೆಯಾಗುತ್ತದೆ.’

74ನೇ ಕಲಮು ಹೆಸರಿನ ಜೊತೆಗೆ ವಿಳಾಸ, ಶಾಲೆ, ಚಿತ್ರ, ಗುರುತು ಹತ್ತಿಸುವ ಯಾವುದೇ ವಿವರವನ್ನೂ ತಡೆಯುತ್ತದೆ. ಸಂಶೋಧನಾ ಬರಹಕ್ಕೆಂದು ಅಲ್ಲಿ ವಿನಾಯಿತಿ ಬರೆದಿಲ್ಲ. ತಪ್ಪಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ರವಿ’ ಎಂದು ಹೆಸರಿಟ್ಟು, ಇಂಥ ಹೋಬಳಿಯ ಪ್ರೌಢಶಾಲೆಯ ಒಂಬತ್ತನೇ ತರಗತಿ, ಅಪ್ಪ ಲಾರಿ ಡ್ರೈವರ್ ಎಂದು ಬರೆದರೆ ಊರಿಗೆ ಊರೇ ಆ ಹುಡುಗನನ್ನು ಗುರುತಿಸುತ್ತದೆ.

ಕಡತಗಳ ವಿಷಯವೂ ಹೀಗೆಯೇ. ಮಂಡಳಿಯ ಮುಂದಿರುವ ವರದಿಗಳು 99ನೇ ಕಲಮಿನಂತೆ ಗೋಪ್ಯ. ಅವುಗಳಲ್ಲೊಂದಾದ ಸಾಮಾಜಿಕ ತನಿಖಾ ವರದಿಯಲ್ಲಿ ಮನೆಯೊಳಗಿನ ಕುಡಿತ, ಜಗಳ, ಸಾಲ ಎಲ್ಲ ಇರುತ್ತದೆ. ಮೇಲ್ಮನವಿಯ ಅವಧಿ ಮುಗಿದ ಮೇಲೆ, ಕೆಲವು ಘೋರ ಅಪರಾಧದ ಪ್ರಕರಣಗಳನ್ನು ಬಿಟ್ಟು, ಶಿಕ್ಷೆಯ ದಾಖಲೆಯನ್ನೇ ನಾಶ ಮಾಡಬೇಕೆಂದು 24ನೇ ಕಲಮು ಹೇಳುತ್ತದೆ. ಸರ್ಕಾರವೇ ಅಳಿಸಬೇಕಾದದ್ದು ಸಂಶೋಧಕರ ಪೆನ್‌ಡ್ರೈವ್‌ನಲ್ಲಿ ವರ್ಷಗಟ್ಟಲೆ ಉಳಿಯುವುದು ಆ ಮಗುವಿಗೆ ಮಾಡುವ ಅನ್ಯಾಯ.

‘ನೀನು ಏನು ಹೇಳಿದರೂ ಗುಟ್ಟಾಗಿಡುತ್ತೇನೆ’ ಎಂಬ ಭರವಸೆಯನ್ನೂ ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮಾತು ಶುರುವಾಗುವ ಮೊದಲೇ ಮಗುವಿಗೆ ಹೇಳಿ.

ಹಾಗಾದರೆ ಸಂಶೋಧನೆಯೇ ನಿಷಿದ್ಧವೇ? ಅದೂ ತಪ್ಪು ಕಲ್ಪನೆಯೇ. ಈ ಮಕ್ಕಳಿಗೆ ಯಾವ ನೆರವು ಫಲಿಸುತ್ತದೆ ಎಂದು ತಿಳಿಯದೆ ವ್ಯವಸ್ಥೆ ಸುಧಾರಿಸದು. ಸಂಶೋಧನಾ ಮಾರ್ಗದರ್ಶಕರಲ್ಲಿ ನನ್ನ ವಿನಂತಿ ಇಷ್ಟೇ: ವಿಷಯಕ್ಕೆ ಒಪ್ಪಿಗೆ ಕೊಡುವ ಮುನ್ನ, ಇದನ್ನು ಮಗುವನ್ನೇ ಕೇಳಬೇಕೇ ಎಂದು ವಿದ್ಯಾರ್ಥಿಯನ್ನು ಕೇಳಿ. ವಕೀಲರು, ಅಧಿಕಾರಿಗಳು, ಗುರುತಿಲ್ಲದ ಅಂಕಿಅಂಶಗಳಿಂದ ಉತ್ತರ ಸಿಗುವಂತಿದ್ದರೆ ಮಕ್ಕಳನ್ನು ಅವರ ಪಾಡಿಗೆ ಬಿಡಿ.